ನೂಲಿನಲ್ಲಿ ಅಳೆದ ಬೆಟ್ಟ

ದರ್ಜಿಯ ಅಂಗಡಿಯ ಕಿಟಕಿಯಿಂದ ಬೆಟ್ಟ ಕಾಣುತ್ತದೆ. ಎತ್ತಿನ ಬೆನ್ನಿನ ಹಾಗೆ ಉದ್ದಕ್ಕೆ ಚಾಚಿದ ಏಣು, ಅದರ ಮೇಲೊಂದು ಕಾಲುದಾರಿ. ಒಂದು ಕಡೆ ಹತ್ತಿ, ಏಣಿನ ಉದ್ದಕ್ಕೂ ನಡೆದು, ಇನ್ನೊಂದು ಕಡೆ ಇಳಿದು, ಬುಡದ ದಾರಿ ಹಿಡಿದರೆ ಹೊರಟ ಜಾಗಕ್ಕೇ ಬಂದು ಸೇರಬಹುದು. ದರ್ಜಿಯ ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತ ವರ್ಷಗಟ್ಟಲೆ ಅದನ್ನೇ ನೋಡಿದ್ದಳು. ಒಮ್ಮೆ ಕರೆದುಕೊಂಡು ಹೋಗಿ ಎಂದು ಕೇಳಿ ಕೇಳಿ ಸುಮ್ಮನಾಗಿದ್ದಳು. ಕೊನೆಗೂ ದರ್ಜಿಗೆ ಮನಸ್ಸು ಬಂತು. ಭಾನುವಾರ ಹೋಗುವುದೆಂದು ಮಾತಾಯಿತು, ನಕ್ಷೆಯೂ ಬಂತು.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಕ್ಷೆ ಹಾಸಿ, ದಾರಿಯ ಗೆರೆಗೆ ಸರಿಯಾಗಿ ನೂಲು ಇಟ್ಟು, ಆ ನೂಲನ್ನು ಟೇಪಿಗೆ ಹಿಡಿದು ಅಳೆದ. ಅವನ ಮುಖ ಅರಳಿತು.

"ಇಷ್ಟೇನಾ? ತಿಂಡಿ ತಿಂದು ನಿಧಾನಕ್ಕೆ ಹೊರಟ್ರೂ ಸಂಜೆ ಚಹಾಕ್ಕೆ ಮನೇಲಿರ್ತೀವಿ ಕಣೇ."

ಅಷ್ಟರಲ್ಲಿ ಪಕ್ಕದ ಮನೆಯ ನರ್ಸಮ್ಮ ಕಿತ್ತುಹೋದ ಚೀಲದ ಪಟ್ಟಿ ಹೊಲಿಸಲು ಬಂದಳು. ಆಸ್ಪತ್ರೆಯಲ್ಲಿ ರಜೆ ಸಿಕ್ಕಿತೆಂದರೆ ಸಾಕು, ಬೆಟ್ಟ ಹತ್ತುವ ಹೆಂಗಸು ಅವಳು. ನೂಲು ನೋಡಿ ನಕ್ಕಳು.

"ಅಣ್ಣ, ನೆರಿಗೆ ಲಂಗಕ್ಕೆ ಬರೀ ಸೊಂಟದ ಅಳತೆಗೆ ಬಟ್ಟೆ ತಗೋತೀರಾ?"

"ಅದು ಹೇಗಾಗುತ್ತೆ ಸಿಸ್ಟರ್? ನೆರಿಗೆಗೆ ಬಟ್ಟೆ ಜಾಸ್ತಿ ಬೇಡ್ವಾ?"

"ಆ ಏಣೂ ನೆರಿಗೇನೇ. ಹತ್ತಬೇಕು, ಇಳೀಬೇಕು, ಮತ್ತೆ ಹತ್ತಬೇಕು. ನಿಮ್ಮ ನೂಲು ದೂರ ಹೇಳುತ್ತೆ, ಏರು ಹೇಳಲ್ಲ. ಹೊತ್ತು ತಿನ್ನೋದು ಏರು. ನೀರೆಷ್ಟು ಒಯ್ತಿದ್ದೀರ?"

"ಇಬ್ಬರಿಗೆ ಒಂದು ಬಾಟಲಿ. ಮೇಲೆ ತೊರೆ ಗಿರೆ ಇದ್ದೇ ಇರುತ್ತಲ್ಲ."

"ಏಣಿನ ಮೇಲೆ ಬಿದ್ದ ನೀರು ಎರಡೂ ಕಡೆ ಇಳಿದು ಹೋಗುತ್ತೆ. ಅಲ್ಲಿ ಯಾವ ತೊರೆ ಅಣ್ಣ? ಇಡೀ ದಿನಕ್ಕೆ ಬೇಕಾದ ನೀರು ನೀವೇ ಹೊರಬೇಕು. ಬೆಳಕು ಹರಿಯೋವಾಗ ಬುಡದಲ್ಲಿರಿ. ಬಿಸಿಲಿದ್ರೂ ಬೆಚ್ಚಗಿನ ಬಟ್ಟೆ, ಮಳೆ ಅಂಗಿ, ಟಾರ್ಚು ಇಟ್ಕೊಳ್ಳಿ. ಇನ್ನೊಂದು ಮಾತು. ಮಧ್ಯಾಹ್ನ ಹನ್ನೆರಡಕ್ಕೆ ನಡುವಿನ ಶಿಖರ ಮುಟ್ಟಿರದಿದ್ರೆ ಬಂದ ದಾರೀಲೇ ವಾಪಸ್ ಬನ್ನಿ. ಶಿಖರ ಕಣ್ಣೆದುರು ಇದ್ರೂ ವಾಪಸ್."

"ನಾವೇನು ಯುದ್ಧಕ್ಕೆ ಹೋಗ್ತಿದ್ದೀವಾ ಸಿಸ್ಟರ್?"

"ಯುದ್ಧಕ್ಕೆ ಹೋಗೋರು ಹೇಳಿ ಹೋಗ್ತಾರೆ. ನೀವೂ ಹೇಳಿ ಹೋಗಿ. ಯಾವ ದಾರಿ, ಯಾವಾಗ ಬರ್ತೀರ ಅಂತ. ಕತ್ತಲಾದ್ಮೇಲೂ ನಿಮ್ಮ ಫೋನ್ ಬರ್ಲಿಲ್ಲ ಅಂದ್ರೆ ನಾನು ರಕ್ಷಣಾ ತಂಡಕ್ಕೆ ಹೇಳ್ತೀನಿ."

ದರ್ಜಿ ಹೂಂ ಎಂದ. ಆ ಹೂಂನಲ್ಲಿ ಅರ್ಧದಷ್ಟು ಮಾತ್ರ ಒಪ್ಪಿಗೆಯಿತ್ತು. ಉಳಿದರ್ಧವನ್ನು ಹೆಂಡತಿ ಒಪ್ಪಿದಳು. ಚೀಲಕ್ಕೆ ನೀರು ತುಂಬಿದ್ದೂ ಟಾರ್ಚಿಗೆ ಹೊಸ ಸೆಲ್ ಹಾಕಿದ್ದೂ ಅವಳೇ.

ಭಾನುವಾರ ಮೊದಲ ಏರನ್ನು ದರ್ಜಿ ಹಾಡು ಗುನುಗುತ್ತ ಹತ್ತಿದ. ಎರಡನೆಯದಕ್ಕೆ ಹಾಡು ನಿಂತಿತು. ಮೂರನೆಯದಕ್ಕೆ ನೆರಿಗೆ ಎಂದರೇನೆಂದು ಅವನ ಕಾಲಿಗೆ ಚೆನ್ನಾಗಿ ಅರ್ಥವಾಯಿತು. ಆದರೆ ನೋಟ ಮಾತ್ರ ಕಣ್ತುಂಬುವಂಥದು. ಎಡಕ್ಕೊಂದು ಕಣಿವೆ, ಬಲಕ್ಕೊಂದು ಕಣಿವೆ, ನಡುವೆ ಇವರಿಬ್ಬರೇ. ಹೆಂಡತಿ ನಿಂತು ನಿಂತು ನೋಡಿದಳು. ಅವಳು ಅಷ್ಟು ಹೊತ್ತು ನಿಲ್ಲುವುದು ನೋಟಕ್ಕೇ ಎಂದು ದರ್ಜಿ ತಿಳಿದ.

ಹನ್ನೆರಡಾಯಿತು. ಶಿಖರ ಎದುರಿಗೇ ಇತ್ತು. ನಡುವೆ ಇನ್ನೊಂದು ಏರು.

"ಹೊತ್ತಾಯ್ತು ರೀ," ಎಂದಳು ಹೆಂಡತಿ.

"ಇಲ್ಲೇ ಇದೆಯಲ್ಲೇ. ಹಿಡಿದ ಬಟ್ಟೇನ ಅರ್ಧಕ್ಕೆ ಬಿಟ್ಟೋನಲ್ಲ ನಾನು."

"ಹೊಲಿಗೆ ತಪ್ಪಿದ್ರೆ ಬಿಚ್ಚಲ್ವಾ ನೀವು? ಸಿಸ್ಟರ್‌ಗೆ ಹೂಂ ಅಂದಿದ್ದು ಯಾರು?"

ದರ್ಜಿ ಮುಖ ಊದಿಸಿಕೊಂಡು ತಿರುಗಿದ. ಒಂದು ಇಳಿಜಾರು ಮುಗಿಯುವ ತನಕ ಬಿರಬಿರನೆ ಮುಂದೆ ನಡೆದ. ಆಮೇಲೆ ಹಿಂತಿರುಗಿ ನೋಡಿದರೆ, ಹೆಂಡತಿ ಬಂಡೆ ಹಿಡಿದುಕೊಂಡು ಒಂದೇ ಕಾಲಿನ ಮೇಲೆ ಭಾರ ಹಾಕಿ ಇಳಿಯುತ್ತಿದ್ದಳು. ಬಲ ಮೊಣಕಾಲು ಊದಿಕೊಂಡಿತ್ತು.

"ಯಾವಾಗಿಂದ ಇದು?"

"ಎರಡನೇ ಏರಿನಿಂದ."

"ಹೇಳೋಕೇನಾಗಿತ್ತು ನಿನಗೆ?"

"ಇಷ್ಟು ವರ್ಷ ಆದ್ಮೇಲೆ ಕರ್ಕೊಂಡು ಬಂದಿದ್ದೀರ. ನನ್ನ ಕಾಲಿಂದ ಹಾಳಾಗೋದು ಬೇಡ ಅಂತ."

ದರ್ಜಿ ಅವಳನ್ನು ಬಂಡೆಯ ಮೇಲೆ ಕೂರಿಸಿದ. ಕೊರಳ ವಸ್ತ್ರ ಬಿಚ್ಚಿ ಅವಳ ಮೊಣಕಾಲಿಗೆ ಸುಕ್ಕಿಲ್ಲದಂತೆ ಸುತ್ತಿದ. ಅವಳ ಚೀಲವನ್ನೂ ತಾನೇ ಹೊತ್ತ. ತಲೆಯೆತ್ತಿದಾಗ ಶಿಖರವಿರಲಿಲ್ಲ. ಮೋಡ ಅದನ್ನೂ ಅದರಾಚೆಯ ದಾರಿಯನ್ನೂ ನುಂಗಿತ್ತು. ಹನ್ನೆರಡಕ್ಕೆ ತಿರುಗಿರದಿದ್ದರೆ ಈ ಕಾಲಿಟ್ಟುಕೊಂಡು ಇವಳು ಆ ಮೋಡದೊಳಗೆ, ಗೊತ್ತಿಲ್ಲದ ಇಳಿಜಾರಿನಲ್ಲಿ ಇರುತ್ತಿದ್ದಳು. ಅದನ್ನು ನೆನೆದು ಅವನ ಬಾಯಿ ಒಣಗಿತು. ಕುಡಿಯಲು ನೀರಿತ್ತು, ಸದ್ಯ.

ಕುಂಟುತ್ತ, ಕೂರುತ್ತ ಇಳಿದರು. ಕೊನೆಯ ತಿರುವಿಗೆ ಟಾರ್ಚು ಬೇಕಾಯಿತು. ಬುಡ ತಲುಪಿದ ಮೇಲಷ್ಟೇ ಫೋನಿಗೆ ಸಿಗ್ನಲ್ ಸಿಕ್ಕಿತು.

"ಬಂದ್ವಿ ಸಿಸ್ಟರ್. ಶಿಖರ ಮುಟ್ಟಲಿಲ್ಲ."

"ನೀವಿಬ್ಬರೂ ಕೆಳಗಿದ್ದೀರಲ್ಲ ಅಣ್ಣ, ಉಸಿರು ಬಂತು ನನಗೆ. ರಕ್ಷಣಾ ತಂಡದ ನಂಬರ್ ಒತ್ತೋದೊಂದು ಬಾಕಿ ಇತ್ತು."

ಬಸ್ಸಿನಲ್ಲಿ ಹೆಂಡತಿ ಮೆಲ್ಲಗೆ ಹೇಳಿದಳು: "ಆ ಹನ್ನೆರಡು ಗಂಟೆ ಮಾತು ಮೊದಲೇ ಆಗಿರದಿದ್ರೆ, ನಾನು ಬಾಯಿ ಬಿಡ್ತಾನೇ ಇರಲಿಲ್ಲ. ನಿಮ್ಮ ಹಿಂದೇನೇ ಬಂದುಬಿಡ್ತಿದ್ದೆ."

ದರ್ಜಿ ಅವಳ ಕೈ ಹಿಡಿದುಕೊಂಡ. ಮನೆ ಬರುವವರೆಗೂ ಬಿಡಲಿಲ್ಲ.

ಮೊಣಕಾಲು ಈಗ ವಾಸಿಯಾಗಿದೆ. ಮುಂದಿನ ಸಲ ಮೊದಲ ಏರಿನವರೆಗೆ ಮಾತ್ರ ಎಂದು ನಿಶ್ಚಯವಾಗಿದೆ. ನಿಶ್ಚಯ ಮಾಡಿದ್ದು ದರ್ಜಿಯೇ. ಅಂಗಡಿಗೆ ಬಂದವರು ಬೆಟ್ಟದ ಮಾತೆತ್ತಿದರೆ ಅಳತೆ ತೆಗೆಯುತ್ತಲೇ ಕೇಳುತ್ತಾನೆ: "ಯಾರಿಗೆ ಹೇಳಿ ಹೋಗ್ತಿದ್ದೀರ?"

ಬೆಟ್ಟಕ್ಕೆ ಹೊರಟಿರುವವರೇ, ನಿಮಗೂ ಅದೇ ಪ್ರಶ್ನೆ. ದೂರದ ಜೊತೆಗೆ ಏರನ್ನೂ ನೋಡಿ, ಹವೆ ವಿಚಾರಿಸಿ, ನೀರು, ಬೆಚ್ಚಗಿನ ಬಟ್ಟೆ, ಬೆಳಕು ಹೊತ್ತು ಹೋಗಿ. ದಾರಿಯನ್ನೂ ಬರುವ ಹೊತ್ತನ್ನೂ ಒಬ್ಬರಿಗಾದರೂ ತಿಳಿಸಿ. ಎಷ್ಟು ಹೊತ್ತಿಗೆ ಹಿಂತಿರುಗಬೇಕೆಂದು ಮನೆಯಲ್ಲೇ ಮಾತಾಡಿಕೊಳ್ಳಿ. ನಿಮ್ಮ ಜೊತೆ ನಡೆಯುವವರಲ್ಲಿ ನೋವನ್ನು ನುಂಗಿಕೊಂಡು ಬರುವವರು ಒಬ್ಬರು ಇದ್ದೇ ಇರುತ್ತಾರೆ.