ನಾಲ್ಕು ಆಯುಧಪೂಜೆಯ ಬಣ್ಣ

ದೋಣಿಯ ಗೇರುಪೆಟ್ಟಿಗೆಯ ತಳದ ಸ್ಕ್ರೂ ಬಿಚ್ಚಿ ನಂಜುಂಡನ್ ಕೆಳಗೆ ಡಬ್ಬಿ ಹಿಡಿದ. ಮೊದಲು ಅರ್ಧ ಲೋಟದಷ್ಟು ಬರೀ ನೀರು ಬಂತು. ಆಮೇಲೆ ಗೇರಿನ ಎಣ್ಣೆ, ಹಾಲು ಹೆಚ್ಚಾದ ಕಾಫಿಯ ಹಾಗೆ, ಎಳೆ ಎಳೆಯಾಗಿ ಇಳಿಯಿತು. ಅವನಿಗೆ ಆಶ್ಚರ್ಯವಾಗಲಿಲ್ಲ. ಐವತ್ತೆಂಟು ವರ್ಷಕ್ಕೆ ಯಂತ್ರಗಳ ಹೊಟ್ಟೆಯೊಳಗೆ ಆಶ್ಚರ್ಯಪಡುವಂಥದ್ದು ಅವನಿಗೆ ಏನೂ ಉಳಿದಿರಲಿಲ್ಲ.

ತಮಿಳು ಸೀಮೆಯ ಅನ್ನೂರಿನಲ್ಲಿದ್ದ ಅವನ ವರ್ಕ್‌ಶಾಪಿಗೆ ಬರುತ್ತಿದ್ದವು ಬಾವಿಯ ಪಂಪುಗಳು, ಎಣ್ಣೆ ಎಂಜಿನ್ನುಗಳು. ದೋಣಿ ಅಂತ ಬರುತ್ತಿದ್ದದ್ದು ಇದೊಂದೇ. ಮಿಲ್ಲಿನ ಮಾಲೀಕ, ಎಲ್ಲರ ಬಾಯಲ್ಲಿ ‘ಮುದಲಾಳಿ’ಯಾಗಿದ್ದ ರಾಜೇಂದ್ರನ್ ಅದನ್ನು ಎಂಬತ್ತೆರಡರಲ್ಲಿ, ತನ್ನ ದೇಶಕ್ಕೆ ಹೊರಟಿದ್ದ ಬಿಳಿಯನೊಬ್ಬನಿಂದ ಕೊಚ್ಚಿಯಲ್ಲಿ ಕೊಂಡಿದ್ದರು. ವರ್ಷದ ಹೆಚ್ಚಿನ ಕಾಲ ಅಲ್ಲಿನ ಉಪ್ಪುನೀರಿನಲ್ಲೇ ಇರುತ್ತಿತ್ತು. ಮಳೆಗಾಲ ಹಿಡಿಯುವ ಹೊತ್ತಿಗೆ ಲಾರಿ ಏರಿ ಪಾಲಕ್ಕಾಡು ದಾಟಿ ಇಲ್ಲಿಗೆ ಬಂದು, ಆಯುಧಪೂಜೆ ಮುಗಿಸಿಕೊಂಡು ಮತ್ತೆ ಇಳಿದು ಹೋಗುತ್ತಿತ್ತು. ಎಂಜಿನ್ನು ದೋಣಿಯ ಒಳಗಿತ್ತು. ಹಿಂಬದಿಯ ಗೋಡೆಯನ್ನು ತೂರಿಕೊಂಡು ಅಲ್ಯೂಮಿನಿಯಮ್ಮಿನ ದಪ್ಪ ಭಾಗವೊಂದು ನೀರಿಗೆ ಇಳಿಯುತ್ತಿತ್ತು, ಅದರ ತುದಿಯಲ್ಲಿ ನೀರು ತಳ್ಳುವ ಫ್ಯಾನು. ಕಂಪನಿಯವರು ಅದಕ್ಕೆ ಏನು ಹೆಸರಿಟ್ಟಿದ್ದರೋ, ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಅದು ‘ಕಾಲು’.

ಈ ವರ್ಷ, ಎಂಬತ್ತಾರರ ಮೇ ತಿಂಗಳಲ್ಲಿ, ಆ ಕಾಲು ಸಿಕ್ಕಿಕೊಂಡು ನಿಂತಿತ್ತು. ಮುದಲಾಳಿಯ ಬೀಗರ ಕಡೆಯ ಆರು ಜನ ದೋಣಿಯಲ್ಲಿದ್ದರು. ಹಡಗುಗಳು ಓಡಾಡುವ ದಾರಿಯ ನಡುವೆ ಎರಡು ಗಂಟೆ ತೇಲಿ, ಕೊನೆಗೆ ಮೀನಿನ ದೋಣಿಯೊಂದಕ್ಕೆ ಹಗ್ಗ ಕಟ್ಟಿಸಿಕೊಂಡು ದಡ ಸೇರಿದ್ದರು. ಓಡಿಸುತ್ತಿದ್ದವನು ಲಿಂಗಸಾಮಿ, ನಂಜುಂಡನ್‌ನ ಅಕ್ಕನ ಮಗ, ಮಗಳು ರುಕ್ಮಣಿಯನ್ನು ಕೊಟ್ಟ ಅಳಿಯ. ಪ್ರತಿ ಸಂಜೆ ಕಾಲನ್ನು ಸಿಹಿನೀರಿನಿಂದ ತೊಳೆಯುವುದು ಅವನ ಕೆಲಸವಾಗಿತ್ತು. ತೊಳೆದಿಲ್ಲ, ಅದಕ್ಕೇ ಕಾಲನ್ನು ಉಪ್ಪು ತಿಂದಿದೆ ಎಂದರು ಮುದಲಾಳಿ.

ದೋಣಿ ಲಾರಿಯಿಂದ ಇಳಿದ ದಿನ ನಂಜುಂಡನ್ ಅದನ್ನು ಒಂದು ಸುತ್ತು ನೋಡಿ, ಮುದಲಾಳಿಯ ಮುಂದೆಯೇ ಅಳಿಯನ ಕಡೆ ತಿರುಗಿದ್ದ.

“ಸೋಂಬೇರಿ, ಒಂದು ಬಕೆಟ್ ನೀರು ಹುಯ್ಯಾಕೆ ನಿಂಗೆ ಕೈ ಬರ್ಲಿಲ್ವಾ?”

“ತೊಳ್ದೆ, ಮಾವ.”

“ತೊಳ್ದಿದ್ರೆ ಹಿಂಗಿರ್ತಿತ್ತಾ?”

ಅಲ್ಲಿಗೆ ಮುಗಿಯಿತು. ಸ್ವಂತ ಮಾವನೇ ಹೇಳಿದ ಮೇಲೆ ಮುದಲಾಳಿ ಇನ್ನೇನು ವಿಚಾರಿಸುತ್ತಾರೆ? ಲಿಂಗಸಾಮಿಯನ್ನು ಕೆಲಸದಿಂದ ಬಿಡಿಸಿದರು. ಆವತ್ತಿನಿಂದ ಅವನು ಮಾವನ ಮನೆಯ ಜಗಲಿಯ ಮೇಲೆ ಕೂತಿದ್ದ. ಊಟಕ್ಕೆ ಕರೆದರೆ ಎದ್ದು ಬರುತ್ತಿದ್ದ. ಬೇರೆ ಕಡೆ ಕೆಲಸ ನೋಡು ಎಂದರೆ “ನೋಡ್ತೀನಿ” ಎನ್ನುತ್ತಿದ್ದ.

ಬಾವಿ ಪಂಪುಗಳ ಕೆಲಸವೆಲ್ಲ ತೀರಿಸಿ ನಂಜುಂಡನ್ ದೋಣಿಗೆ ಕೈಹಾಕುವಷ್ಟರಲ್ಲಿ ಆಗಸ್ಟ್ ಆಗಿತ್ತು. ಬೋಲ್ಟುಗಳು ಜಪ್ಪಯ್ಯ ಎನ್ನಲಿಲ್ಲ. ಸೀಮೆಎಣ್ಣೆ ಹುಯ್ದು ಎರಡು ದಿನ ಬಿಟ್ಟ. ಕಾಯಿಸಿದ, ತಟ್ಟಿದ, ಮತ್ತೆ ಕಾಯಿಸಿದ. ಎಂಟರಲ್ಲಿ ಮೂರು ತಲೆ ಮುರಿದುಕೊಂಡವು, ಅವನ್ನು ಕೊರೆದೇ ತೆಗೆಯಬೇಕಾಯಿತು. ಕಾಲು ಬಿಡಿಸಿಕೊಂಡು ಕೈಗೆ ಬರುವಷ್ಟರಲ್ಲಿ ಅವನ ಸೊಂಟ ಹಿಡಿದುಹೋಗಿತ್ತು.

ಕಾಲಿನ ಮೈತುಂಬ ಗುಳಿಗಳು. ಗುಳಿಗಳಲ್ಲಿ ವಿಭೂತಿಯಂಥ ಬಿಳಿ ಹಿಟ್ಟು. ಸ್ಕ್ರೂಡ್ರೈವರ್ ಒತ್ತಿದರೆ ಕೆಲವು ಕಡೆ ಒಳಕ್ಕೇ ಇಳಿಯುತ್ತಿತ್ತು. ಎಣ್ಣೆ ಸೋರದಂತೆ ತಡೆಯುವ ಸೀಲು ಕೂರುವ ಅಂಚು ಕರಗಿ, ಆ ಸಂದಿನಿಂದಲೇ ನೀರು ನುಗ್ಗಿ ಗೇರಿನ ಹಲ್ಲುಗಳು ತುಕ್ಕು ಹಿಡಿದಿದ್ದವು. ಅಷ್ಟೆಲ್ಲ ಹಾಳಾದ ಕಾಲಿನಲ್ಲಿ ಒಂದೇ ಒಂದು ತುಂಡು ಹಾಳಾಗಿರಲಿಲ್ಲ. ಫ್ಯಾನಿನ ಮೇಲುಗಡೆ ಎರಡು ಬೋಲ್ಟು ಹಾಕಿ ಕೂರಿಸಿದ್ದ ಅಂಗೈಯಗಲದ ಬಿಲ್ಲೆ. ಅದರ ನೀಲಿ ಬಣ್ಣ ಕೂಡ ಹೋಗಿರಲಿಲ್ಲ.

ನಂಜುಂಡನ್ ಕೆರೆದ. ನೀಲಿಯ ಕೆಳಗೆ ನೀಲಿ, ಅದರ ಕೆಳಗೆ ಇನ್ನೊಂದು ನೀಲಿ. ಒಟ್ಟು ನಾಲ್ಕು ಪದರ.

ನಾಲ್ಕನ್ನೂ ಬಳಿದವನು ಅವನೇ. ಬಣ್ಣ ಕಾಣದ ಯಂತ್ರವನ್ನು ಪೂಜೆಗೆ ಕೂರಿಸುವ ಪದ್ಧತಿ ಅವನ ವರ್ಕ್‌ಶಾಪಿನಲ್ಲಿರಲಿಲ್ಲ. ಲೇತಿಗೆ, ವೈಸಿಗೆ, ಡ್ರಿಲ್ಲಿಂಗ್ ಮೆಷೀನಿಗೆ ಕೆಲಸದವರು ಬಳಿದರೂ ದೋಣಿಗೆ ಮಾತ್ರ ಅವನು ಬ್ರಷ್ಷನ್ನು ಯಾರ ಕೈಗೂ ಕೊಟ್ಟವನಲ್ಲ. ಸಂದುಗೊಂದು ಬಿಡದೆ ಬಳಿದು, ಒಣಗಿದ ಮೇಲೆ ಗಂಧ ಕುಂಕುಮ ಇಟ್ಟು ದೂರ ನಿಂತು ನೋಡುತ್ತಿದ್ದ.

ಬಣ್ಣವೆಲ್ಲ ಹೋದ ಮೇಲೆ ಲೋಹ ಕಂಡಿತು. ಅಲ್ಯೂಮಿನಿಯಂ ಅಲ್ಲ, ಭಾರವಾಗಿತ್ತು. ಸತುವಿನ ಹಾಗಿತ್ತು. ದೋಣಿಯ ಕಾಲಿಗೆ ಸತು ಯಾಕೆ?

ಮರುದಿನ ಬಿಲ್ಲೆಯನ್ನು ಚೀಲದಲ್ಲಿಟ್ಟುಕೊಂಡು ಟೌನ್ ಬಸ್ ಹತ್ತಿದ. ಗಣಪತಿ ಎಂಬ ಬಡಾವಣೆಯಲ್ಲಿ ಪೈಪುಗಳಿಗೆ ಸತುವಿನ ಲೇಪ ಹಾಕುವ ಸುಬ್ಬಯ್ಯನ್ ಅವನ ಹಳೆಯ ಪರಿಚಯ. ನೇಯ್ಗೆಯವರ ಮನೆಯವನು, ಮನೆಮಾತು ಕನ್ನಡವೇ.

“ಏನ್ ಗೌಡ್ರೇ, ಸತು ಮಾರಾಕೆ ಬಂದ್ರಾ? ಪಂಪಿನ ವ್ಯಾಪಾರ ಬಾವಿಗೆ ಬಿತ್ತಾ?”

“ನಾಲ್ಕು ವರ್ಷ ಉಪ್ಪುನೀರಲ್ಲಿತ್ತು ಇದು. ಒಂದು ಚೂರು ಸವೆದಿಲ್ಲ ನೋಡು. ಪಕ್ಕದ ಅಲ್ಯೂಮಿನಿಯಂ ಮಾತ್ರ ಹಿಟ್ಟಾಗೋಗೈತೆ.”

ಸುಬ್ಬಯ್ಯನ್ ಬಿಲ್ಲೆಯನ್ನು ತಿರುಗಿಸಿದ. ಅಂಚಿನಲ್ಲಿ ಉಳಿದಿದ್ದ ನೀಲಿಯನ್ನು ಉಗುರಿನಿಂದ ಕೆರೆದು ನಕ್ಕ.

“ಇದಕ್ಕೆ ಬಣ್ಣ ಬಳ್ದೋರು ಯಾರು?”

“ಯಾಕೆ?”

“ಸವೀಲಿ ಅಂತಾನೇ ಹಾಕಿರೋ ತುಂಡು ಇದು. ನಾನು ಪೈಪಿಗೆ ಸತು ಯಾಕೆ ಹಾಕ್ತೀನಿ? ಮೊದ್ಲು ಸತು ಹೋಗ್ಲಿ, ಕಬ್ಬಿಣ ಉಳೀಲಿ ಅಂತ. ಇದೂ ಹಂಗೇ. ಇದರ ಬರೀ ಮೈ ನೀರಿಗೆ ತಾಗ್ಬೇಕು. ಯಾರೋ ಪುಣ್ಯಾತ್ಮ ಅಂಗಿ ತೊಡಿಸ್ಬಿಟ್ಟವ್ನೆ. ಉಪ್ಪುನೀರು ಉಪವಾಸ ಇರುತ್ತಾ? ಕಾಲನ್ನೇ ತಿಂದೈತೆ.”

“ದಿನಾ ಸಿಹಿನೀರಲ್ಲಿ ತೊಳ್ದಿದ್ರೆ?”

“ಪನ್ನೀರಲ್ಲಿ ತೊಳ್ದಿದ್ರೂ ಅಷ್ಟೇ. ದಿನವೆಲ್ಲ ಉಪ್ಪಲ್ಲೇ ನಿಂತಿರುತ್ತಲ್ಲ. ಯಾರು ಗೌಡ್ರೇ ಆ ಪುಣ್ಯಾತ್ಮ?”

“ನಮ್ಮ ವರ್ಕ್‌ಶಾಪಿನೋನೇ ಒಬ್ಬ.”

“ಓಡ್ಸಿ ಅವ್ನ್ನ.”

“ಆಮಾ, ಓಡಿಸ್ಬೇಕು” ಎಂದು ನಂಜುಂಡನ್ ಬಿಲ್ಲೆಯನ್ನು ವಾಪಸು ಇಸಿದುಕೊಂಡ.

ಬಸ್ಸಿನಲ್ಲಿ ಸೀಟಿತ್ತು, ಆದರೂ ಅನ್ನೂರಿನವರೆಗೆ ನಿಂತೇ ಬಂದ. ಇದು ಇನ್ನೊಬ್ಬರಿಗೆ ಗೊತ್ತಾಗುವಂತಿರಲಿಲ್ಲ. ಬಿಲ್ಲೆಯನ್ನು ಬರಿಮೈಯಲ್ಲಿ ತಿರುಗಿ ಕೂರಿಸಿದರೆ ದೋಣಿ ಚೆನ್ನಾಗಿರುತ್ತದೆ, ಮೂವತ್ತು ವರ್ಷದ ಹೆಸರೂ ಉಳಿಯುತ್ತದೆ. ಲಿಂಗಸಾಮಿ ಜಗಲಿಯ ಮೇಲೆ ಉಳಿಯುತ್ತಾನೆ.

ಹನ್ನೊಂದು ದಿನ ಅವನು ಬಾಯಿ ಬಿಡಲಿಲ್ಲ. ಗುಳಿಗಳನ್ನು ಕೆರೆದು ಬೆಸುಗೆ ಹಾಕಿಸಿದ. ಸೀಲಿನ ಅಂಚನ್ನು ತುಂಬಿಸಿ ಲೇತಿನಲ್ಲಿ ಕಡೆದ. ಹಡಗಿನ ಸಾಮಾನಿನ ಸೀಲು ಇಲ್ಲಿ ಎಲ್ಲಿ ಸಿಗಬೇಕು, ಲಾರಿಯದೊಂದನ್ನು ಅಳತೆಗೆ ಹೊಂದಿಸಿದ. ಗೇರುಗಳನ್ನು ಹೊಸದಾಗಿ ಕಡೆಸಿದ. ಕಾಲಿನೊಳಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಕೆಲಸವೇನೋ ಕೈಗೆ ಕಷ್ಟವಾಗಲಿಲ್ಲ. ಬೆಳಿಗ್ಗೆ ಹೋಗುವಾಗ ಒಮ್ಮೆ, ಮಧ್ಯಾಹ್ನ ಊಟಕ್ಕೆ ಬರುವಾಗ ಒಮ್ಮೆ ಆ ಜಗಲಿಯನ್ನು ದಾಟುವುದೇ ಕಷ್ಟವಾಗಿತ್ತು.

ಹನ್ನೆರಡನೆಯ ದಿನ ಮುದಲಾಳಿ ಬಂದರು. ಕಾಲಿನ ಸುತ್ತ ಒಂದು ಸುತ್ತು ಬಂದು ತಮಿಳಿನಲ್ಲಿ ಹೊಗಳಿದರು.

“ಸತ್ತದ್ದಕ್ಕೆ ಜೀವ ಕೊಟ್ಟಿದ್ದೀಯ, ಮೇಸ್ತ್ರಿ. ಹೊಸ ಡ್ರೈವರನ್ನು ನೋಡಿದ್ದೇನೆ. ಸೋಮವಾರ ಇಲ್ಲಿಗೆ ಕಳಿಸ್ತೀನಿ. ಹೇಗೆ ತೊಳೀಬೇಕು ಅಂತ ನೀನೇ ಕಲಿಸು. ನಿನ್ನ ಅಳಿಯನಿಗೆ ಕಲಿಸದೇ ಇದ್ದದ್ದನ್ನ.”

ನಂಜುಂಡನ್ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ. ಒರೆಸಿಕೊಂಡ ಮೇಲೂ ಒರೆಸುತ್ತಲೇ ಇದ್ದ.

“ಅವನು ತೊಳೆದಿದ್ದ, ಮುದಲಾಳಿ. ತಪ್ಪು ನಂದು.”

ಬಿಲ್ಲೆಯನ್ನು ತೋರಿಸಿ ಹೇಳಿದ. ಹೇಳಲು ಹೆಚ್ಚೇನೂ ಇರಲಿಲ್ಲ, ಬೇಗ ಮುಗಿಯಿತು.

“ಪೂಜೆಗೆ ಬಳಿದೆಯಾ?”

“ಪೂಜೆಗೇ.”

ಮುದಲಾಳಿ ಶೆಡ್ಡಿನಲ್ಲಿದ್ದ ನೀಲಿ ಲೇತನ್ನೂ ನೀಲಿ ವೈಸನ್ನೂ ನೋಡಿದರು. “ನಾಲ್ಕು ವರ್ಷ ಇದರ ಮುಂದೆ ನಾನೇ ಬಂದು ತೆಂಗಿನಕಾಯಿ ಒಡೆದಿದ್ದೇನೆ” ಎಂದರು. ನಗುತ್ತಾರೇನೋ ಅನ್ನಿಸಿತು, ನಗಲಿಲ್ಲ. ಕಾರಿನ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟು, “ನಿನ್ನ ಅಳಿಯನನ್ನು ಸೋಮವಾರ ಕೆಲಸಕ್ಕೆ ಕಳಿಸು. ಮುಂದಿನ ವರ್ಷದಿಂದ ದೋಣಿ ಇಲ್ಲಿಗೆ ಬೇಡ, ಮೇಸ್ತ್ರಿ. ಕೊಚ್ಚಿಯಲ್ಲೇ ಯಾರಿಗಾದರೂ ರಿಪೇರಿಗೆ ಕೊಡ್ತೀನಿ” ಎಂದರು.

“ಆಗ್ಲಿ” ಎಂದ ನಂಜುಂಡನ್.

ಊಟದ ಹೊತ್ತಾಗಿತ್ತು. ಮನೆಯ ಅಂಗಳದಲ್ಲಿ ರುಕ್ಮಣಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಲಿಂಗಸಾಮಿ ಜಗಲಿಯ ಕಂಬಕ್ಕೆ ಒರಗಿದ್ದ. ನಂಜುಂಡನ್ ಚಪ್ಪಲಿಯನ್ನೂ ಬಿಡದೆ ಬಿಸಿಲಿನಲ್ಲೇ ನಿಂತು ಎಲ್ಲವನ್ನೂ ಹೇಳಿದ. ದೋಣಿ ಇನ್ನು ಬರುವುದಿಲ್ಲ ಎಂಬುದೊಂದನ್ನು ಹೇಳಲಿಲ್ಲ.

ಲಿಂಗಸಾಮಿ ಕಂಬ ಬಿಟ್ಟು ನೆಟ್ಟಗೆ ಕೂತ.

“ಐದು ದಿನ ತೊಳೀಲಿಲ್ಲ, ಮಾವ.”

“ಏನು?”

“ಪೊಂಗಲ್‌ಗೆ ಊರಿಗೆ ಬಂದ್ನಲ್ಲ, ಆ ಮೂರು ದಿನ. ಆಮೇಲೆ ಜ್ವರ ಬಂದಾಗ ಎರಡು. ಆ ಐದು ದಿನಕ್ಕೆ ಅಷ್ಟೊಂದು ತಿನ್ನುತ್ತಾ ಅಂತ ದಿನಾ ಯೋಚನೆ ಮಾಡ್ತಿದ್ದೆ. ಆಮೇಲಾಮೇಲೆ, ತಿಂದೇ ಇರುತ್ತೆ, ನಾನೇ ಹಾಳು ಮಾಡಿದ್ದು ಅಂತ ನಂಬ್ಬಿಟ್ಟೆ.”

ಮೊರದ ಸದ್ದು ನಿಂತಿತು.

“ಇಲ್ಲ ಅಂತ ನನ್ನ ಹತ್ರ ಜಗಳ ಆಡ್ಬಾರ್ದಾಗಿತ್ತಾ?” ಎಂದ ನಂಜುಂಡನ್.

“ಹೆಂಗೆ ಆಡ್ಲಿ? ಮಿಷಿನ್ ವಿಷಯದಲ್ಲಿ ನೀವು ತಪ್ಪು ಹೇಳಿದ್ದು ನಾನು ನೋಡೇ ಇಲ್ವಲ್ಲ.”

ಮುದಲಾಳಿಯ ಮುಂದೆ ನಿಂತಿದ್ದೇ ಇದಕ್ಕಿಂತ ಸುಲಭವಾಗಿತ್ತು. ನಂಜುಂಡನ್ ಚಪ್ಪಲಿ ಬಿಟ್ಟು ಜಗಲಿಯ ಇನ್ನೊಂದು ತುದಿಯಲ್ಲಿ ಕೂತ. ಸೊಂಟ ನೋಯುತ್ತಿತ್ತು.

“ಸೋಮವಾರ ಬಾ ಅಂದವ್ರೆ” ಎಂದ.

“ಹೋಗ್ತೀನಿ.”

“ಊಟ ಬಡಿಸ್ಲಾ, ಅಪ್ಪಾ?” ರುಕ್ಮಣಿ ಕೇಳಿದಳು. ಗಂಡನ ಕಡೆ ನೋಡಿ, “ನಿಮ್ಗೂ?” ಎಂದಳು.

ಇಬ್ಬರೂ ಹೂಂ ಎಂದರು. ಇಬ್ಬರೂ ಏಳಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು, ಮತ್ತೆ ಕೇರುವುದಕ್ಕೆ ಕೂತಳು.