ಹಳದಿ ಚೌಕ

ಕಂಟೈನರ್ ಪೆಟ್ಟಿಗೆ ಟ್ರೇಲರಿನಿಂದ ಬಿಡಿಸಿಕೊಳ್ಳಲಿಲ್ಲ. ಟ್ರೇಲರೇ ಪೆಟ್ಟಿಗೆಯ ಜೊತೆಗೆ ಮೇಲೆದ್ದಿತು. ಮೊದಲು ಒಂದು ಕಡೆಯ ಚಕ್ರಗಳು, ಆಮೇಲೆ ಇನ್ನೊಂದು ಕಡೆಯವು, ಕೊನೆಗೆ ಮುಂದಿನ ಲಾರಿಯೂ ನೆಲ ಬಿಟ್ಟಿತು. ಕ್ರೇನಿನ ನೆತ್ತಿಯ ಗೂಡಿನಲ್ಲಿ ಕೂತು ಕಾಲಡಿಯ ಗಾಜಿನಿಂದ ಕೆಳಗೆ ನೋಡುತ್ತಿದ್ದವನಿಗೆ ಇದು ಎಲ್ಲರಿಗಿಂತ ಮೊದಲು ಗೊತ್ತಾಯಿತು. ಎದುರಿನ ಪರದೆಯಲ್ಲಿ ತೂಕದ ಅಂಕಿ ಕೆಂಪಾಗಿ ಮಿನುಗುತ್ತಿತ್ತು. ಬಲಗೈಯ ಹಿಡಿಯನ್ನು ಅವನು ಆಗಲೇ ಬಿಡಬೇಕಿತ್ತು. ಬಿಡಲಿಲ್ಲ.

ಲಾರಿಯೊಳಗೆ ಇದ್ದವನು ಅವನ ತಂಗಿಯ ಗಂಡ.

ಈ ದಕ್ಕೆಯಲ್ಲಿ ಇಳಿಯುವ ಒಂದು ಪೆಟ್ಟಿಗೆಯೂ ಈ ಊರಿನದಲ್ಲ. ಸಮುದ್ರ ಇಲ್ಲಿ ದಡದಲ್ಲೇ ಆಳ. ಅದಕ್ಕೇ ಬೆಟ್ಟದಂಥ ಹಡಗುಗಳು ಬಂದು ಕಂಟೈನರುಗಳನ್ನು ಇಳಿಸಿ ಹೋಗುತ್ತವೆ, ಸಣ್ಣ ಹಡಗುಗಳು ಬಂದು ಅವನ್ನು ಹಂಚಿಕೊಂಡು ಬೇರೆ ಬೇರೆ ಊರಿಗೆ ಒಯ್ಯುತ್ತವೆ. ಒಳಗೇನಿದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಹಡಗು ಹೆಚ್ಚಿದಂತೆ ಜಾಗ ಸಾಲದೆ ಹಿಂದಿನ ಗುಡ್ಡದ ತಲೆ ಕತ್ತರಿಸಿ ಹೊಸ ಅಂಗಳ ಮಾಡಿದರು. ಅಲ್ಲಿಂದ ದಕ್ಕೆಗೆ ಬರೀ ತಿರುವಿನ ಇಳಿಜಾರು. ತಿರುವಿನಲ್ಲಿ ಪೆಟ್ಟಿಗೆ ಉರುಳಬಾರದೆಂದು ಟ್ರೇಲರಿನ ನಾಲ್ಕೂ ಮೂಲೆಗೆ ಬೀಗ ಬಂತು. ಬೀಗದ ಹಿಂದೆಯೇ ಚೌಕ ಬಂತು: ಚಾಲಕ ಕ್ರೇನಿನ ಕೆಳಗೆ ಲಾರಿ ನಿಲ್ಲಿಸಿ, ಇಳಿದು, ಎರಡೂ ಕಡೆಯ ಬೀಗ ತಿರುಗಿಸಿ ಬಿಡಿಸಿ, ನೆಲಕ್ಕೆ ಬಳಿದ ಹಳದಿ ಚೌಕದೊಳಗೆ ಹೋಗಿ ನಿಲ್ಲಬೇಕು. ಚೌಕದಲ್ಲಿ ಮನುಷ್ಯ ಕಂಡರೆ ಮಾತ್ರ ಮೇಲಿನವನು ಎತ್ತಬೇಕು. ಕಾಣದಿದ್ದರೆ ಹಡಗು ಕಾಯಲಿ, ಸಾಹೇಬರು ಕೂಗಲಿ, ಕೈ ಕಟ್ಟಿ ಕೂರಬೇಕು.

ತಂಗಿಯ ಗಂಡನಿಗೆ ದಕ್ಕೆಯವರು ಇಟ್ಟ ಹೆಸರು ಗಾಳಿ. ಲಾರಿಗೆ ಬ್ರೇಕು ಅಂತ ಒಂದಿದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ ಎಂಬುದು ಅವರ ತಮಾಷೆ. ಇವತ್ತು ಗಾಳಿ ಫೋನನ್ನು ಕಿವಿಗೊತ್ತಿಕೊಂಡೇ ಇಳಿದಿದ್ದ. ಒಂದು ಕಡೆಯ ಬೀಗ ಬಿಡಿಸಿದ. ಫೋನು ನೋಡಿ ಬೈದ, ಮತ್ತೆ ಕಿವಿಗಿಟ್ಟ. ಆ ಕಡೆಗೆ ಸುತ್ತಿ ಹೋಗುವುದನ್ನು ಮರೆತು ಲಾರಿ ಹತ್ತಿ ಬಾಗಿಲು ಹಾಕಿಕೊಂಡ. ಯಾರಿಗೆ ಫೋನು ಮಾಡುತ್ತಿದ್ದಾನೆಂದು ಮೇಲೆ ಕೂತವನಿಗೆ ಗೊತ್ತಿತ್ತು. ತಂಗಿಯ ಫೋನು ತನ್ನ ಮನೆಯ ಅಡುಗೆಕಟ್ಟೆಯ ಮೇಲೆ ಹೊಡೆದುಕೊಳ್ಳುತ್ತಾ ಬಿದ್ದಿರುತ್ತದೆ. ಅವಳ ಬಲಗೈ ಪ್ಲಾಸ್ಟರಿನಲ್ಲಿದೆ. ಎಡಗೈ ನೆಟ್ಟಗಿದೆ, ಆದರೆ ಆ ಫೋನನ್ನು ಮುಟ್ಟುವ ಧೈರ್ಯ ಅದಕ್ಕಿಲ್ಲ.

ಚೌಕ ಖಾಲಿ ಇರುವುದು ಅವನಿಗೆ ಕಂಡಿತ್ತು. ಕಂಡೂ ಎತ್ತಿದ.

"ಏಯ್ ಹದ್ದು! ಏನೋ ಮಾಡ್ತಿದ್ದೀಯಾ? ಲಾರೀನೂ ಬಂತಲ್ಲೋ ಜೊತೆಗೆ! ಇಳ್ಸೋ!" ರೇಡಿಯೋದಲ್ಲಿ ಮೇಸ್ತ್ರಿ ಕಿರುಚಿದ. ಮೇಲೆ ಕೂತು ಕೆಳಗಿನದನ್ನು ಎತ್ತಿಕೊಂಡು ಹೋಗುವವನಾದ್ದರಿಂದ ಅವನ ಹೆಸರು ಹದ್ದು.

"ಇಳಿಸ್ತೀನಿ ಮೇಸ್ತ್ರಿ. ಭಾವ ಒಂದು ಮಾತು ಹೇಳ್ಲಿ, ಇಳಿಸ್ತೀನಿ."

ಈ ರೇಡಿಯೋದಲ್ಲಿ ಗುಟ್ಟು ಅನ್ನುವುದೇ ಇಲ್ಲ. ಸಾಲುಗಟ್ಟಿದ ಲಾರಿಗಳು, ಹಡಗಿನ ಮೇಲೆ ಕಬ್ಬಿಣದ ಸರಳಿನಿಂದ ಪೆಟ್ಟಿಗೆ ಬಿಗಿಯುವ ಆಳುಗಳು, ಮೇಸ್ತ್ರಿ, ಎಲ್ಲರಿಗೂ ಒಂದೇ ಚಾನಲ್. ಒಬ್ಬ ಸೀನಿದರೆ ಎಲ್ಲರಿಗೂ ಕೇಳುತ್ತದೆ.

"ಭಾವ," ಎಂದ ಹದ್ದು, "ಅವಳ ಕೈ ಹೇಗೆ ಮುರೀತು?"

"ತಲೆ ಕೆಟ್ಟಿದ್ಯಾ ನಿಂಗೆ? ಮೊದ್ಲು ಇಳ್ಸು!"

"ಹೇಗೆ ಮುರೀತು?"

"ಬಚ್ಚಲಲ್ಲಿ ಜಾರಿಬಿದ್ಲು ಅಂತ ಹೇಳಿದ್ನಲ್ಲ! ಆಸ್ಪತ್ರೇಲಿ ಅವಳೇ ಹೇಳಿದ್ದಾಳೆ, ಹೋಗಿ ಕೇಳು!"

ಹದ್ದು ಹಿಡಿಯನ್ನು ಇನ್ನಷ್ಟು ಎಳೆದ. ಎರಡೇ ಬೀಗದಿಂದ ಜೋತುಬಿದ್ದ ಟ್ರೇಲರು ಒಂದು ಮಗ್ಗುಲಿಗೆ ವಾಲಿತು. ಲಾರಿಯ ಬಾಗಿಲು ಬಾಯಿಬಿಟ್ಟು ಒಂದು ನೀರಿನ ಬಾಟಲಿ, ಜಾಕು, ಒಂಟಿ ಚಪ್ಪಲಿ ದಕ್ಕೆಯ ಮೇಲೆ ಬಿದ್ದವು. ಗಾಳಿ ಸ್ಟೀರಿಂಗನ್ನು ತಬ್ಬಿಕೊಂಡಿದ್ದ.

ತಂಗಿ ನಿನ್ನೆ ಬಂದು ಹೊಸ್ತಿಲಲ್ಲೇ ಕೂತುಬಿಟ್ಟಿದ್ದಳು. ಬಾಗಿಲ ಸಂದಿಯಲ್ಲಿ ಕೈ ಇಡು ಎಂದನಂತೆ. ಇಟ್ಟಳಂತೆ. ಅವನು ಬಾಗಿಲು ಒದ್ದನಂತೆ. "ನೀನ್ಯಾಕೆ ಇಟ್ಟೆ?" ಎಂದು ಅಣ್ಣ ಕೇಳಿದ. "ಇಡದಿದ್ರೆ ಇನ್ನೂ ಜೋರಾಗಿ ಹೊಡೀತಾರಣ್ಣ," ಎಂದಳು, ಇಷ್ಟೂ ಗೊತ್ತಿಲ್ಲವೇ ನಿನಗೆ ಅನ್ನುವ ಹಾಗೆ. ಮೊದಲ ಸಲ ಅವಳ ತುಟಿ ಒಡೆದಾಗ ಇದೇ ಅಣ್ಣ 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂದು ಗಾದೆ ಹೇಳಿ, ವಾಪಸು ಕರೆದುಕೊಂಡು ಹೋಗಿ ಬಿಟ್ಟುಬಂದಿದ್ದ. ಆ ಗಾದೆ ಕಟ್ಟಿದವನು ಎಂದೂ ಒದೆ ತಿಂದು ಉಣ್ಣಲು ಕೂತವನಲ್ಲ.

"ನಾನೇ!" ರೇಡಿಯೋ ಚೀರಿತು. "ನಾನೇ ಮುರ್ದೆ! ಬಾಗಿಲು ಒದ್ದು ಮುರ್ದೆ! ತಪ್ಪಾಯ್ತು, ಇಳ್ಸು ಭಾವ, ನಿನ್ ಕಾಲಿಗೆ ಬೀಳ್ತೀನಿ!"

ಹಡಗಿನ ಮೇಲಿನ ಆಳುಗಳು ಸರಳು ಹಿಡಿದ ಹಾಗೇ ನಿಂತಿದ್ದರು. ಕೇಳಬೇಕಾದದ್ದು ಕೇಳಿಯಾಗಿತ್ತು, ಇಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಆ ದನಿಯ ನಡುಕ ಹದ್ದಿಗೆ ಹಿತವಾಯಿತು. ಮುಚ್ಚಿಡುವುದೇಕೆ, ಬಹಳ ಹಿತವಾಯಿತು.

"ಇನ್ನೊಂದ್ಸಲ ಹೇಳು," ಎಂದ.

ಅಷ್ಟರಲ್ಲಿ ಒಂದು ಬೀಗ ಕಿತ್ತುಬಂತು. ಟ್ರೇಲರಿನ ಮುಂಭಾಗ ಲಾರಿಯ ಸಮೇತ ಧೊಪ್ಪನೆ ಕುಸಿದು ತೂಗಾಡಿತು. ಗಾಳಿಯ ಮುಖ ಮುಂದಿನ ಗಾಜಿಗೆ ಬಡಿದು, ಗಾಜಿನ ಮೇಲೆ ಕೆಂಪು ಹರಡಿತು. ಹದ್ದು ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿದ.

ಅವನು ಲಿಫ್ಟಿನಲ್ಲಿ ಕೆಳಗೆ ಬರುವ ಹೊತ್ತಿಗೆ ಗಾಳಿ ಒಂಟಿ ಚಪ್ಪಲಿಯಲ್ಲಿ ನಿಂತಿದ್ದ. ಮೂಗು ಒಂದು ಕಡೆಗೆ ತಿರುಗಿತ್ತು. ಆಳುಗಳು ರಾಶಿ ಹಾಕಿದ್ದ ಸರಳುಗಳಿಂದ ಒಂದನ್ನು ಎಳೆದುಕೊಂಡು ಬಂದವನೇ ಹದ್ದಿನ ಹೆಗಲಿಗೆ ಬಾರಿಸಿದ. ಎರಡನೆಯ ಏಟಿಗೆ ಕೈಯೆತ್ತುವ ಮೊದಲೇ ಹಡಗಿನಿಂದ ಇಳಿದು ಬಂದಿದ್ದ ಆಳುಗಳು ಗಾಳಿಯ ಮೇಲೆ ಬಿದ್ದರು. "ಹೆಂಗಸಿನ ಕೈ ಮುರೀತೀಯೇನೋ?" ಎಂದು ಒಬ್ಬ ಒದ್ದ, ಇನ್ನೊಬ್ಬ ಮೊಣಕಾಲಿಗೆ ಸರಳು ಬೀಸಿದ. ಅವರಲ್ಲಿ ಮನೆಗೆ ಹೋಗಿ ಹೆಂಡತಿಗೆ ಹೊಡೆಯುವವರು ಯಾರೂ ಇರಲಿಲ್ಲವೆಂದಲ್ಲ. ಇದ್ದರು, ಅವರೇ ಜೋರಾಗಿ ಒದೆಯುತ್ತಿದ್ದರು.

"ಸಾಯಿಸ್ಬಿಡ್ತೀರೇನ್ರೋ! ಬಿಡ್ರೋ!" ಮೇಸ್ತ್ರಿ ನಡುವೆ ನುಗ್ಗಿ ಅವನನ್ನು ಎಳೆದು ನಿಲ್ಲಿಸಿದ.

ಗಾಳಿ ಬಾಯಲ್ಲಿದ್ದ ರಕ್ತ ಉಗಿದ. ಹದ್ದನ್ನು ನೋಡಿ ನಕ್ಕ. "ಎಲ್ರ ಮುಂದೆ ಹೇಳಿಸಿದೆಯಲ್ಲ ಭಾವ? ಆಯ್ತು. ಅವಳಿಗೆ ಇನ್ನೊಂದು ಕೈ ಇದೆಯಲ್ಲ."

ಮೂಗಿಗೆ ಪಟ್ಟಿ ಕಟ್ಟಿಸಲು ಅವನನ್ನು ಗೇಟಿನ ಹತ್ತಿರದ ಕೋಣೆಗೆ ಕಳಿಸಿದರು. ಹದ್ದನ್ನು ಆಫೀಸಿಗೆ ಕರೆದು ಗೂಡಿನ ಬೀಗದ ಕೈ ಕಸಿದುಕೊಂಡರು, ಪೊಲೀಸರಿಗೆ ಹೇಳಿದ್ದೇವೆ, ಇಲ್ಲೇ ಕೂತಿರು ಎಂದರು. ಕೂತ. ಆಗ ಮೇಸ್ತ್ರಿ ಬಾಗಿಲಲ್ಲಿ ಇಣುಕಿ ತಗ್ಗಿದ ದನಿಯಲ್ಲಿ, "ನಿಮ್ ಭಾವ ಅಲ್ಲಿಲ್ಲಪ್ಪ. ಕುಂಟ್ಕೊಂಡೇ ಗೇಟ್ ದಾಟಿದ್ನಂತೆ," ಎಂದ. ಹದ್ದು ಎದ್ದು ಓಡಿದ.

ಮನೆ ಎರಡನೇ ಮಹಡಿಯಲ್ಲಿ, ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ಹೆಂಡತಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಬಾಗಿಲು ತೆರೆದ ತಂಗಿ ಅವನ ಹೆಗಲಿನ ರಕ್ತ ನೋಡಿದಳು, ಏನಾಯಿತೆಂದು ಕೇಳಲಿಲ್ಲ.

"ಬೇರೆ ಲಾರಿಯವ್ನ ಹೆಂಡ್ತಿ ಒಬ್ಳು ಫೋನ್ ಮಾಡಿದ್ಲು, ಅವ್ಳ ಹೆಸ್ರು ನೋಡಿ ಎತ್ತಿದೆ. ಎಲ್ಲಾ ಹೇಳಿದ್ಲು."

"ಒಪ್ಕೊಂಡ," ಎಂದ ಅವನು ಏದುಸಿರಿನಲ್ಲಿ. "ಎಲ್ರೂ ಕೇಳಿದ್ರು. ಇನ್ನು ಯಾರೂ ನೀನು ಜಾರಿಬಿದ್ದೆ ಅನ್ನಲ್ಲ."

"ಒಪ್ಕೊಂಡ್ರು. ಆಮೇಲೆ ನೀನು ಕೆಳಗಿಳಿಸಿದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಕೆಳಗಿಳಿದೋರು ಎಲ್ಲಿಗೆ ಬರ್ತಾರಣ್ಣ?"

"ನಾನಿದ್ದೀನಲ್ಲ," ಎಂದ.

"ಪೊಲೀಸ್ರು ಬಂದ್ರೆ ಕರ್ಕೊಂಡು ಹೋಗೋದು ನಿನ್ನನ್ನ. ಮೇಲಕ್ಕೆತ್ತಿದೋನು ನೀನು. ಕೈ ಮುರಿದಿದ್ದಕ್ಕೆ ಬಚ್ಚಲು ಅಂತ ನಾನೇ ಹೇಳಿದ್ದೀನಿ." ಅವಳು ಅವನನ್ನು ಒಳಗೆ ಕರೆದು ಬಾಗಿಲು ದೂಡಿ ಮುಚ್ಚಿದಳು. "ನೀನು ಹೋದ್ಮೇಲೆ ಇಲ್ಲಿ ಯಾರಿರ್ತಾರೆ, ಅತ್ತಿಗೇನಾ?"

ಅವಳು ಕೂತು, ಎಡಗೈಯಿಂದ ಕೆಳಗಿನ ಚಿಲಕ ಹಾಕಿದಳು. ಬಾಗಿಲನ್ನು ಜಗ್ಗಿ ನೋಡಿದಳು. ಎದ್ದು ನಡುವಿನದನ್ನು ಹಾಕಿ, ಮತ್ತೆ ಜಗ್ಗಿದಳು. ಮೇಲಿನದಕ್ಕೆ ತುದಿಗಾಲಲ್ಲಿ ನಿಂತರೂ ಬೆರಳು ಮುಟ್ಟಲಿಲ್ಲ.

ಕೆಳಗೆ ಯಾರೋ ಕಬ್ಬಿಣದ ಮೆಟ್ಟಿಲಿಗೆ ಕಾಲಿಟ್ಟರು. ಒಬ್ಬರೋ ಇಬ್ಬರೋ, ಬೂಟೋ ಬರಿಗಾಲೋ, ಗೊತ್ತಾಗಲಿಲ್ಲ. ಮೆಟ್ಟಿಲು ಮೆಲ್ಲಗೆ ಅದುರಿತು.

ಅವನು ಅವಳ ಹಿಂದೆ ಬಂದು ಚಿಲಕಕ್ಕೆಂದು ಬಲಗೈ ಎತ್ತಿದ. ಅವಳು ಫಕ್ಕನೆ ಕುಗ್ಗಿ, ಪ್ಲಾಸ್ಟರಿನ ಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು.

"ನಾನು ಕಣೇ," ಎಂದ.

ಅವಳು ಹೂಂ ಎಂದಳು, ಆದರೆ ಅಡ್ಡ ಹಿಡಿದ ಕೈಯನ್ನು ತೆಗೆಯಲಿಲ್ಲ. ಅವನು ಚಿಲಕ ಸರಿಸಿದ. ಸರಿಸಿದ ಮೇಲೂ ಅವನ ಕೈ ಅವಳ ತಲೆಗಿಂತ ಮೇಲೆ ಎತ್ತಿದ ಹಾಗೇ ಇತ್ತು, ಅದನ್ನು ಕೆಳಗಿಳಿಸುವುದು ಹೇಗೆಂದು ತಿಳಿಯದೆ.