ತೊಟ್ಟಿಯ ನೀರಿನಲ್ಲಿ ಮಹಾರಾಜರು

ಅರಿಶಿನದ ವ್ಯಾಪಾರಿ ಗುರುಬಸಪ್ಪನಿಗೆ ನೆಟ್ಟಗಿದ್ದದ್ದು ಯಾವುದೂ ಸೇರುತ್ತಿರಲಿಲ್ಲ. ಸಾಂಗಲಿಯ ಚೌಕದಲ್ಲಿ ಹಿಂದಿನ ಮಹಾರಾಜರ ಕಂಚಿನ ಮೂರ್ತಿ ನಿಂತಾಗ ಊರೆಲ್ಲ ಕತ್ತೆತ್ತಿ ನೋಡಿದರೆ, ಈತ ಪೀಠದ ಬುಡದ ತೊಟ್ಟಿಯೊಳಗೆ ಬಗ್ಗಿ ನೋಡಿದ. ನೀರಿನಲ್ಲಿ ಬಿದ್ದ ಮೂರ್ತಿಯ ಚಿತ್ರ ತೆಗೆದರೆ ದರಬಾರಿನ ಫೋಟೋ ಪ್ರದರ್ಶನದ ಬಹುಮಾನ ತನಗೇ ಎಂದು ನಂಬಿದ. ಅಂದಿನಿಂದ ಅಂಗಡಿ ಗುಮಾಸ್ತರ ಪಾಲಾಯಿತು, ಕ್ಯಾಮೆರಾದ ಗಾಜಿನ ಪ್ಲೇಟುಗಳು ಮಹಾರಾಜರ ಪಾಲಾದವು. ಒಂದರಲ್ಲಿ ರಾಜಮೂಗು ಅಲುಗಿತ್ತು, ಇನ್ನೊಂದರಲ್ಲಿ ಪೇಟದ ಮೇಲೆ ಬೇವಿನೆಲೆ ತೇಲಿತ್ತು.

ಹೆಂಡತಿ ಗುರುಶಾಂತವ್ವ ಕೇಳಿದ್ದು ಒಂದೇ ಚಿತ್ರ. ಹರಿಪುರದಲ್ಲಿದ್ದ ಅವಳ ತಾಯಿ ತುಳಸವ್ವ ದಿನೇ ದಿನೇ ಸೊರಗುತ್ತಿದ್ದಳು. ಯುದ್ಧದ ಕಾಲ, ಮುಂಬೈಯಿಂದ ಪ್ಲೇಟು ಬರುವುದು ನಿಂತು, ಮನೆಯಲ್ಲಿ ಕೊನೆಯದೊಂದು ಉಳಿದಿತ್ತು.

"ಈಗ್ಯಾಕ?" ಎಂದಿದ್ದ ಗುರುಬಸಪ್ಪ. "ಹೋದ ಮ್ಯಾಲ ವಿಮಾನದಾಗ ಕುಂದರ್ಸಿ, ಹೂವು ಹಾಕಿ, ಫೋಟೋ ತೆಗಸೂದು ಐತಲ್ಲ. ನಮ್ಮ ಮನ್ಯಾಗ ಎಲ್ಲಾರ್ದೂ ಹಂಗ."

ಅದು ನಿಜ. ಆ ಮನೆಯ ಗೋಡೆಯ ಚಿತ್ರಗಳಲ್ಲಿದ್ದ ಹೆಂಗಸರೆಲ್ಲ ವಿಮಾನವೆಂಬ ಚಟ್ಟದಲ್ಲಿ ಕೂತು ಕಣ್ಣು ಮುಚ್ಚಿದವರೇ. ಬದುಕಿದ್ದಾಗ ಅವರತ್ತ ಯಾರೂ ಕ್ಯಾಮೆರಾ ತಿರುಗಿಸಿರಲಿಲ್ಲ. ಸತ್ತು ತೆಪ್ಪಗೆ ಕುಳಿತ ಮೇಲೆ ಎಲ್ಲಿಲ್ಲದ ಗೌರವ.

"ನನಗ ಕಣ್ಣು ತೆರದಾಕಿ ಬೇಕ್ರಿ," ಎಂದಳು ಗುರುಶಾಂತವ್ವ. ಅವನು ಆಗಲೇ ಕ್ಯಾಮೆರಾದ ಕರಿಬಟ್ಟೆ ಝಾಡಿಸುತ್ತಿದ್ದ.

ಮರುದಿನ ಅವಳು ಕಲ್ಲಯ್ಯನ ಟಾಂಗಾದಲ್ಲಿ ತಾಯಿಯನ್ನು ನೇರ ಚೌಕಕ್ಕೇ ಕರೆತಂದು, ಮೂರ್ತಿಯ ಕೆಳಗೆ ತೊಟ್ಟಿಯ ಕಟ್ಟೆಯ ಮೇಲೆ ಕೂರಿಸಿದಳು. ಎದುರು ದಡದಲ್ಲಿ ಗುರುಬಸಪ್ಪ ಕ್ಯಾಮೆರಾವನ್ನು ನೀರಿನತ್ತ ಬಾಗಿಸಿ, ಕೊನೆಯ ಪ್ಲೇಟು ಹಾಕಿ, ಎಲ್ಲ ಸಿದ್ಧಮಾಡಿಕೊಂಡಿದ್ದ. ಚಿತ್ರ ತೆಗೆಯುವ ರಬ್ಬರಿನ ಗುಂಡು ಒತ್ತುವುದಷ್ಟೇ ಬಾಕಿ.

"ಆ ಮುದುಕಿನ್ನ ಎಬ್ಬಸು. ಮಹಾರಾಜರ ಮಗ್ಗಲಕ ಬರ್ತಾಳ."

ಅಷ್ಟರಲ್ಲಿ ಕಲ್ಲಯ್ಯನ ಕುದುರೆ ತೊಟ್ಟಿಯ ಮೂಲೆಯಲ್ಲಿ ಬಾಯಿ ಹಾಕಿತು. ಮಹಾರಾಜರ ಪೇಟ, ಮೀಸೆ, ಪದಕಗಳು ಚೂರುಚೂರಾದವು. ಗುರುಬಸಪ್ಪ ಕುದುರೆಯ ಮೇಲೆ ಹರಿಹಾಯಲು ಓಡಿದ.

ಗುರುಶಾಂತವ್ವ ಕ್ಯಾಮೆರಾ ಇದ್ದ ದಡಕ್ಕೆ ಬಂದು ಗುಂಡನ್ನು ಕೈಗೆತ್ತಿಕೊಂಡಳು. ತಾಯಿ ಕುಳಿತ ಕಟ್ಟೆಯ ಬುಡದಲ್ಲಿ ನೀರು ಇನ್ನೂ ಕಲಕದೆ ನಿಂತಿತ್ತು. ಆದರೆ ಅದರಲ್ಲಿ ಕಂಡದ್ದು ಬರೀ ಸೆರಗು.

"ಅವ್ವಾ, ಸೆರಗು ಸರಸು. ನೀರ ನೋಡು."

"ಅಳಿಯಂದಿರ ಮುಂದ ಹ್ಯಾಂಗವಾ?"

"ಅವರು ಕುದರಿ ಜೋಡಿ ಜಗಳಾ ಮಾಡಾಕತ್ತಾರ. ಲಗೂನ ಸರಸು."

ತುಳಸವ್ವ ಸೆರಗು ಸರಿಸಿ ನೀರಿಗೆ ಬಗ್ಗಿದಳು. ತನ್ನ ಮುಖ ಕಂಡು ಬೊಚ್ಚುಬಾಯಿಯಲ್ಲಿ ನಕ್ಕುಬಿಟ್ಟಳು. ಗುರುಶಾಂತವ್ವ ಗುಂಡು ಒತ್ತಿದಳು.

ಗುರುಬಸಪ್ಪ ಮನೆ ತುಂಬ ಕೂಗಾಡಿದ. ಆದರೂ ಆಸೆ ಬಿಡದೆ ಪ್ಲೇಟು ತೊಳೆದ. ಹಾಳೆಯ ಮೇಲೆ ಮೂಡಿದ ಮಹಾರಾಜರು ಮೊಣಕಾಲಿನಿಂದಾಚೆಗೆ ಕಲಕಿದ ಕೆಸರು; ಕಟ್ಟೆಯ ಬದಿಯಲ್ಲಿ ಅವರ ಬೂಟುಗಳು ಮಾತ್ರ ಸ್ವಚ್ಛ. ಬೂಟುಗಳ ಪಕ್ಕದಲ್ಲಿ ತುಳಸವ್ವ.

"ಇದನ್ನ ಪ್ರದರ್ಶನಕ್ಕ ಹ್ಯಾಂಗ ಕಳಸ್ಲಿ? ಬೂಟಷ್ಟ ಬಂದಾವಲ್ಲ."

"ಅವನ್ನ ಕಳಸ್ರಿ. ದರಬಾರದಾಗ ನೀವೆಲ್ಲಾ ತಲಿ ತಗ್ಗಿಸಿ ನೋಡೂದು ಅವನ್ನಲ್ಲೇನು?"

ಅವಳು ಕತ್ತರಿ ತಂದು ಬೂಟುಗಳನ್ನು ಬೇರೆ ಮಾಡಿ ಅವನ ಕೈಗಿಟ್ಟಳು. ತಲೆಕೆಳಗಾಗಿ ಮೂಡಿದ್ದ ಉಳಿದ ತುಂಡನ್ನು ತಿರುಗಿಸಿ ಹಿಡಿದಳು. ತಾಯಿ ನೆಟ್ಟಗೆ ಕುಳಿತು, ಕಣ್ಣು ಬಿಟ್ಟು ನಗುತ್ತಿದ್ದಳು.